ಹೊಂಗೆ ಮರದ ಬಾಣಂತಿ

ಹಳೆಯ ಪ್ಯಾಕಿಂಗ್ ಪೆಟ್ಟಿಗೆ ಕೊಳ್ಳುವವರು ಹಲಗೆಯನ್ನು ತಟ್ಟಿ ನೋಡುತ್ತಾರೆ. ತಪ್ಪು. ಮೊದಲು ಮೊಳೆಯನ್ನು ನೋಡಬೇಕು. ಮೊಳೆಯ ಸುತ್ತ ಮರ ಕಪ್ಪಗಾಗಿದ್ದರೆ ಆ ಪೆಟ್ಟಿಗೆ ಎಲ್ಲೋ ಬಂದರಿನಲ್ಲಿ ಮಳೆಗೆ ನೆನೆದಿದೆ ಎಂದು ತಿಳಿಯಿರಿ. ಅದರಲ್ಲಿ ಬಾಗಿಲು ಮಾಡಿಸಿದರೆ ಮುಂದಿನ ಬೇಸಿಗೆಗೆ ಬಿರುಕಿನಿಂದ ಪಕ್ಕದ ಮನೆಯವರು ಕಾಣುತ್ತಾರೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮೂರು ಗಾಡಿ ಕೆಟ್ಟ ಮರ ತಂದು ಕಲಿತೆ. ನೀವು ಬಿಟ್ಟಿಯಾಗಿ ಕಲಿತುಕೊಳ್ಳಿ.

ಐವತ್ತರ ದಶಕದ ನಡುವೆ ನನ್ನ ಅಂಗಡಿ ಮಾಗಡಿ ರಸ್ತೆಯಲ್ಲಿತ್ತು. ಕಾರ್ಖಾನೆಗಳಿಗೆ ಹೊರದೇಶದಿಂದ ಯಂತ್ರ ಬರುತ್ತಿದ್ದ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಹರಾಜಿನಲ್ಲಿ ಹಿಡಿದು, ಒಡೆದು, ಬೆಂಚು, ಬಾಗಿಲು, ಕೋಳಿಗೂಡು, ಗಿರಾಕಿ ಏನು ಕೇಳಿದರೆ ಅದನ್ನು ಮಾಡಿಸಿಕೊಡುತ್ತಿದ್ದೆ. ರಾಜಾಜಿನಗರ ಆಗಿನ್ನೂ ಕಲ್ಲು ನೆಟ್ಟು ಗೆರೆ ಎಳೆದ ಬಯಲು. ರಸ್ತೆ ಇದ್ದ ಕಡೆ ಮನೆ ಇರಲಿಲ್ಲ, ಮನೆ ಇದ್ದ ಕಡೆ ರಸ್ತೆ ಇರಲಿಲ್ಲ. ಅಂಥದ್ದರ ಅಂಚಿನಲ್ಲಿ ನಾನೊಂದು ಮಂಗಳೂರು ಹೆಂಚಿನ ಮನೆ ಕಟ್ಟಿಸಿ, ಕೆಂಗೇರಿಯಾಚೆಯ ಊರಿನಲ್ಲಿ ಅಣ್ಣನ ಜೊತೆಗಿದ್ದ ಅವ್ವನನ್ನು ಕರೆದುಕೊಂಡು ಬಂದಿದ್ದೆ. ಹಿತ್ತಲಿನಲ್ಲಿ ಒಂದು ಹಳೆಯ ಹೊಂಗೆ ಮರವಿತ್ತು. ಸೈಟಿನ ಜೊತೆಗೇ ಬಂದದ್ದು.

ಒಂದು ದಿನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ಒಬ್ಬರು ಇಳಿದರು. ಪ್ಯಾಂಟಿನ ತುದಿಗೆ ಕ್ಲಿಪ್ಪು, ಜೇಬಿನಲ್ಲಿ ಎರಡು ಪೆನ್ನು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಮೇಷ್ಟ್ರು, ಧಾರವಾಡದ ಕಡೆಯವರು.

"ಸಾವ್ಕಾರ್ರ, ನನಗ ಆರು ಪೆಟಗಿ ಬೇಕಾಗ್ಯಾವ್ರಿ. ಒಂದು ಬದಿಗೆ ದುಂಡನ್ನ ತೂತು. ಮ್ಯಾಲಿನ ಮುಚ್ಚಳ ತಗದು ನೋಡಾಕ ಬರಬೇಕು."

ಯಾವುದೋ ದೇವಸ್ಥಾನದ ಹುಂಡಿ ಎಂದುಕೊಂಡೆ. ಗಿರಾಕಿಗೆ ಒಳ್ಳೆಯದನ್ನು ಹೇಳುವುದು ನನ್ನ ಅಭ್ಯಾಸ. "ದುಂಡಗೆ ಬೇಡಿ ಸಾರ್. ಉದ್ದಕ್ಕೆ ಒಂದು ಸೀಳು ಬಿಟ್ಟರೆ ಸಾಕು. ದುಂಡಗಿದ್ದರೆ ಪೂಜಾರಿ ಕೈ ಒಳಗೋಗುತ್ತೆ."

"ದೇವಸ್ಥಾನಕ್ಕಲ್ರಿ. ಗೂಬಿಗೆ."

ಅವರು ತಮಾಷೆ ಮಾಡುತ್ತಿಲ್ಲವೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ರಸ್ತೆ ಮಾಡಲು ಹಳೆಯ ಮರಗಳನ್ನೆಲ್ಲ ಕಡಿಯುತ್ತಿದ್ದಾರೆ. ಪೊಟರೆಗಳಲ್ಲಿ ಸಂಸಾರ ಮಾಡುತ್ತಿದ್ದ ಪುಟ್ಟ ಗೂಬೆಗಳಿಗೆ ನೆಲೆಯಿಲ್ಲ. ಪೆಟ್ಟಿಗೆ ಕಟ್ಟಿಕೊಟ್ಟರೆ ಬರುತ್ತವೋ ಇಲ್ಲವೋ, ಬಂದರೆ ಮೊಟ್ಟೆಯಿಟ್ಟ ದಿನದಿಂದ ಮರಿ ಹಾರುವ ದಿನದವರೆಗೆ ಏನೇನು ನಡೆಯುತ್ತದೆ, ವಾರವಾರವೂ ನೋಡಿ ಬರೆದಿಡಬೇಕು. ಇದು ಅವರ ಹುಚ್ಚು. "ನಿಮಗ ಸೈಟು ಸಿಕ್ಕಾವು, ಅವುಗಳ ಮನಿ ಹೋಗ್ಯಾವು," ಎಂದರು. ದೊಡ್ಡ ಗೂಬೆಯಲ್ಲ. ಒಂದು ಹಿಡಿಯಲ್ಲಿ ಹಿಡಿಯುವಷ್ಟು ಗಾತ್ರ, ಬೂದು ಮೈಮೇಲೆ ನುಚ್ಚಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ಹಳದಿ ಕಣ್ಣು. ಬುಡುಬುಡಿಕೆಯವರು ಹಾಲಕ್ಕಿ ನುಡಿಯಿತು ಎಂದು ಶಕುನ ಹೇಳುತ್ತಾರಲ್ಲ, ಆ ಹಾಲಕ್ಕಿಯೂ ಇದೇ.

ಚೌಕಾಶಿಗೆ ಕೂತಾಗ ದುಡ್ಡಿನ ಮಾತನ್ನು ಕೊನೆಗೆ ತನ್ನಿ. ಮೊದಲು ಎದುರಿಗಿರುವವನಿಗೆ ಏನು ಬರುತ್ತದೆ ನೋಡಿ. ಮೇಷ್ಟ್ರಿಗೆ ಇಂಗ್ಲಿಷ್ ಬರುತ್ತಿತ್ತು. ಕಾರ್ಖಾನೆಗಳಿಗೆ ಟೆಂಡರು ಕಾಗದ ಇಂಗ್ಲಿಷಿನಲ್ಲೇ ಹೋಗಬೇಕು. ನನಗೋ ಇಂಗ್ಲಿಷಿನಲ್ಲಿ ಸಹಿ ಮಾಡಲು ಬರುತ್ತಿತ್ತು. ಸಹಿಯ ಮೇಲ್ಗಡೆ ಏನಿರಬೇಕು ಅನ್ನುವುದು ಬರುತ್ತಿರಲಿಲ್ಲ. ಹಾಗಾಗಿ ಮಾತು ಹೀಗೆ ಮುಗಿಯಿತು: ಪೆಟ್ಟಿಗೆ ನನ್ನದು, ಕಾಗದ ಅವರದು. ಮೇಲೆ ಅವರು ಇನ್ನೊಂದು ಕೇಳಿದರು. ಗೂಬೆಯ ಹೆಸರೆತ್ತಿದರೆ ಯಾರೂ ಮರ ಕೊಡುತ್ತಿಲ್ಲ, ನಿಮ್ಮ ಹಿತ್ತಲಿನ ಹೊಂಗೆ ಮರದಲ್ಲಿ ಒಂದು ಕಟ್ಟಲೇ ಎಂದು. ಹೇಗೂ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಹೂಂ ಅಂದೆ. ಅವ್ವ ಕೇಳಿದ್ದಕ್ಕೆ ಗೊರವಂಕದ ಗೂಡು ಎಂದೆ.

ಅಂಗಡಿಯ ಮೂಲೆಯಲ್ಲಿ ಅರ್ಧ ಡಬ್ಬ ಕೆಂಪು ಬಣ್ಣ ಉಳಿದಿತ್ತು. ಮರಕ್ಕೆ ಹುಳ ಹತ್ತದಿರಲಿ ಎಂದು ಐದು ಪೆಟ್ಟಿಗೆಗೆ ಬಿಟ್ಟಿಯಾಗಿ ಬಳಿಸಿದೆ. ಆರನೆಯದಕ್ಕೆ ಬಣ್ಣ ಸಾಲಲಿಲ್ಲ. ಅದನ್ನೇ ನನ್ನ ಮರಕ್ಕೆ ಕಟ್ಟಿಸಿದೆ. ಕೆಂಪು ಪೆಟ್ಟಿಗೆಗಳ ಕಥೆ ಬೇಗ ಮುಗಿಯಿತು. ಒಂದಕ್ಕೆ ಜೇನು ಕಟ್ಟಿತು. ಎರಡನ್ನು ಅಳಿಲು ಹಿಡಿದವು. ಒಂದು ಯಾರದೋ ಒಲೆ ಸೇರಿತು. ಕೆಂಗೇರಿಯ ಹತ್ತಿರ ಅರಳಿಕಟ್ಟೆಯ ಮೇಲೆ ನಿಂತರೆ ಕೈಗೆಟಕುವ ಹಾಗೆ ಕಟ್ಟಿದ್ದ ಐದನೆಯದನ್ನು ಮೇಷ್ಟ್ರು ತೆರೆದು ನೋಡಿದರೆ ಒಳಗೆ ನಾಲ್ಕು ಪೋಸ್ಟ್ ಕಾರ್ಡು! ಒಂದರಲ್ಲಿ ಬಾಣಂತನಕ್ಕೆ ಮಗಳನ್ನು ಯಾವಾಗ ಕಳಿಸುತ್ತೀರಿ ಎಂದು ಬೀಗರನ್ನು ಎರಡನೇ ಸಲ ಕೇಳಿದ್ದರಂತೆ. ಪಾಪ ಮೇಷ್ಟ್ರು ನಾಲ್ಕನ್ನೂ ನಿಜವಾದ ಅಂಚೆ ಡಬ್ಬಕ್ಕೆ ಹಾಕಿ, ಪೆಟ್ಟಿಗೆ ಬಿಚ್ಚಿಕೊಂಡು ಬಂದರು.

"ನಿಮ್ಮ ಬಣ್ಣದ ಕೃಪಾ ರೀ," ಎಂದು ನನ್ನನ್ನೇ ನೋಡಿದರು.

ಉಳಿದದ್ದು ನನ್ನ ಹೊಂಗೆ ಮರದ್ದೊಂದು. ಅದಕ್ಕೆ ಸಂಕ್ರಾಂತಿಯ ಹೊತ್ತಿಗೆ ಜೋಡಿ ಬಂದೇ ಬಿಟ್ಟಿತು.

ಪ್ರತಿ ಭಾನುವಾರ ಮೇಷ್ಟ್ರು ಬರುತ್ತಿದ್ದರು. ಮೊದಲು ನನ್ನ ಕಾಗದ, ಆಮೇಲೆ ಏಣಿ. ಬೆತ್ತದ ತುದಿಗೆ ಸಣ್ಣ ಕನ್ನಡಿ ಕಟ್ಟಿದ್ದರು. ಮುಚ್ಚಳ ಒಂದಿಷ್ಟು ಎತ್ತಿ, ಕನ್ನಡಿ ಇಳಿಬಿಟ್ಟು, ಟಾರ್ಚು ಹಾಕಿ, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಇಳಿದು ಬಂದು ಉದ್ದನೆಯ ರಿಜಿಸ್ಟರಿನಲ್ಲಿ ತಾರೀಖು, ಗಂಟೆ, ಮೋಡವೋ ಬಿಸಿಲೋ, ಗಾಳಿ ಯಾವ ಕಡೆಯದು, ಎಲ್ಲ ಬರೆಯುತ್ತಿದ್ದರು. ರಥಸಪ್ತಮಿಯ ಹೊತ್ತಿಗೆ ಒಂದು ಮೊಟ್ಟೆ. ಮರುವಾರ ನಾಲ್ಕು. ಆ ದಿನ ಬರೆಯುವ ಅವಸರದಲ್ಲಿ ಮಸಿ ಚೆಲ್ಲಿದರು.

"ನಾಕು ತತ್ತಿ ರೀ ಸಾವ್ಕಾರ್ರ! ಬೆಳ್ಳಗ, ದುಂಡಗ, ಗೋಲಿ ಇದ್ದಾಂಗ!"

"ಮೆಲ್ಲಗೆ ಸಾರ್," ಎಂದೆ. ಅವ್ವ ಒಳಗೆ ರಾಗಿ ಕೇರುತ್ತಿದ್ದಳು.

ಮೇಷ್ಟ್ರಿಗೆ ಜೂನ್ ತಿಂಗಳಿಗೆ ದೂರದ ಊರಿಗೆ ವರ್ಗವಾಗಿತ್ತು. ಅಲ್ಲಿ ಮತ್ತೆ ಪೆಟ್ಟಿಗೆ, ಮತ್ತೆ ಮರ, ಮತ್ತೆ ನನ್ನಂಥವನೊಬ್ಬ, ಎಲ್ಲ ಹೊಸದಾಗಿ ಹುಡುಕಬೇಕು. ಒಂದೇ ಒಂದು ಗೂಡನ್ನಾದರೂ ಮೊಟ್ಟೆಯಿಂದ ಹಾರುವವರೆಗೆ ಪೂರ್ತಿ ನೋಡಿ ಬರೆದರೆ ಸಾಕು ಎಂದು ಅವರ ಆಸೆ. ಅದು ಇದೊಂದೇ ಪೆಟ್ಟಿಗೆಯ ಮೇಲೆ ನಿಂತಿತ್ತು. ಪೆಟ್ಟಿಗೆ ನನ್ನ ಹಿತ್ತಲಿನ ಮೇಲೆ. ನನ್ನ ಹಿತ್ತಲು ಅವ್ವನ ಮೇಲೆ.

ಶಿವರಾತ್ರಿಗೆ ಎರಡು ದಿನ ಮುಂಚೆ, ಸಂಜೆ, ಅವ್ವ ತುಳಸಿಗೆ ನೀರು ಹಾಕಲು ಹಿತ್ತಲಿಗೆ ಹೋದಳು. ಪೆಟ್ಟಿಗೆಯ ತೂತಿನಲ್ಲಿ ದುಂಡನೆಯ ಮುಖ ಬಂತು. ಅವ್ವ ನೋಡಿದಳು, ಅದೂ ನೋಡಿತು. ಅಷ್ಟಕ್ಕೇ ಬಿಟ್ಟಿದ್ದರೆ ಏನೋ ಹೇಳಿ ಸಂಭಾಳಿಸುತ್ತಿದ್ದೆ. ಆದರೆ ಆ ಹಕ್ಕಿಗೆ ಒಂದು ಕೆಟ್ಟ ಚಾಳಿಯಿದೆ: ಯಾರಾದರೂ ದಿಟ್ಟಿಸಿದರೆ ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತದೆ, ಸಂತೆಯಲ್ಲಿ ಗುರುತಿನವರು ಸಿಕ್ಕಿದ ಹಾಗೆ.

"ಏನ್ಲಾ! ಗೊರವಂಕ ಅಂದೆ! ನಂಗೆ ತಲೆ ಆಡಿಸ್ತೈತಲ್ಲೋ ಅದು!"

ನಮ್ಮ ಕಡೆ ಗೂಬೆ ಮನೆಯ ಮೇಲೆ ಕೂತರೆ, ಇಲ್ಲವೇ ಮನೆಯೊಳಗೆ ಹೊಕ್ಕರೆ, ಆರು ತಿಂಗಳು ಮನೆ ಬಿಡಬೇಕು. ಬೀಗ ಜಡಿದು, ಬೇರೆ ಕಡೆ ಇದ್ದು, ಶಾಂತಿ ಮಾಡಿಸಿ ಬರಬೇಕು. ಕಲ್ಲು ಹೊಡೆದು ಓಡಿಸೋಣ ಎಂದರೆ ಅದೂ ಕೂಡದು. ಆ ಕಲ್ಲನ್ನು ಗೂಬೆ ಕಚ್ಚಿಕೊಂಡು ಹೋಗಿ ನೀರಿಗೆ ಹಾಕುತ್ತದಂತೆ. ಕಲ್ಲು ಸವೆದ ಹಾಗೆ ಹೊಡೆದವನೂ ಸವೆಯುತ್ತಾನಂತೆ. ನಾನು ಇದನ್ನೆಲ್ಲ ನಂಬುತ್ತಿದ್ದೆನೇ ಎಂದು ಕೇಳಬೇಡಿ. ಹೊಸ ಮನೆ ಕಟ್ಟಿದವನು ಎಲ್ಲವನ್ನೂ ಸ್ವಲ್ಪ ಸ್ವಲ್ಪ ನಂಬಿರುತ್ತಾನೆ.

"ಅವ್ವಾ, ಅದು ನಮ್ಮ ಮನೇಲಿಲ್ಲ," ಎಂದು ವಾದ ಹೂಡಿದೆ. "ಅದರ ಮನೆ ಬೇರೆ, ನಮ್ಮ ಮನೆ ಬೇರೆ. ಬಾಗಿಲು ಬೇರೆ, ಸೂರು ಬೇರೆ. ಪಕ್ಕದ ಮನೆಯೋರು ಇದ್ದಂಗೆ."

"ಮರ ಯಾರ್ದು?"

"ನಮ್ದೇ."

"ಅದರ ಬೇರು ಯಾರ ಬಚ್ಚಲ ನೀರು ಕುಡೀತೈತೆ?"

ನನಗೆ ಚೌಕಾಶಿ ಎಲ್ಲಿಂದ ಬಂತು ಎಂದು ಜನ ಕೇಳುವುದುಂಟು. ಅವರು ನನ್ನ ಅವ್ವನನ್ನು ನೋಡಿಲ್ಲ.

"ಪೆಟ್ಗೆ ಇಳ್ಸು. ಇಲ್ಲಾಂದ್ರೆ ನಾನು ನಿಮ್ಮಣ್ಣನ ಮನೆಗೆ ಒಂಟೋಯ್ತೀನಿ," ಎಂದು ತೀರ್ಮಾನ ಕೊಟ್ಟಳು. ಹಬ್ಬದ ಹೊತ್ತಿನಲ್ಲಿ ಬೇಡ, ಹಬ್ಬ ಕಳೆದ ಭಾನುವಾರ ಮೇಷ್ಟ್ರನ್ನೇ ಕರೆದು ಇಳಿಸುತ್ತೇನೆ ಎಂದು ಗಡುವು ತೆಗೆದುಕೊಂಡೆ. ಅವಳು ಹೋಗುವುದು ಸಣ್ಣ ಮಾತಲ್ಲ. ಅಣ್ಣ ಗೃಹಪ್ರವೇಶದ ದಿನವೇ ಹೇಳಿದ್ದ, ಪಟ್ಟಣದ ಮನೆ ಅವ್ವನಿಗೆ ಒಗ್ಗಲ್ಲ ಅಂತ. ಗೂಬೆ ಸೇರಿದ ಮನೆ ಎಂದು ಅವಳು ವಾಪಸು ಹೋದರೆ ಊರಿಗೂರೇ ನನ್ನ ಮನೆಯನ್ನು ಬೇರೆ ಹೆಸರಿನಿಂದ ಕರೆಯುತ್ತಿತ್ತು.

ಮೇಷ್ಟ್ರ ಕಾಲೇಜಿಗೇ ಹೋಗಿ ಹೇಳಿದೆ. ಪೆಟ್ಟಿಗೆ ಅಲ್ಲಾಡಿಸಿದರೆ ತಾಯಿ ಬಿಟ್ಟು ಹೋಗುತ್ತದೆ, ತತ್ತಿ ತಣ್ಣಗಾದರೆ ಮುಗಿಯಿತು ಎಂದರು. "ಇನ್ನ ಏಳೆಂಟು ದಿನಕ್ಕ ಒಡೀತಾವ್ರಿ. ಹೆಂಗರ ಮಾಡ್ರಿ. ನೀವು ಮಾತಿನಾಗ ಶ್ಯಾಣ್ಯಾರಿದ್ದೀರಿ."

ಹಾಗೆ ಹೊಗಳಿಸಿಕೊಂಡಾಗ ಮನುಷ್ಯ ತಪ್ಪು ಮಾಡುತ್ತಾನೆ. ನಾನು ಮಾಡಿದ್ದು ಇದು.

ಅವ್ವನಿಗೆ ಗೂಬೆ ಎಂದರೆ ಆಗದು. ಆದರೆ ಹಾಲಕ್ಕಿ ಎಂದರೆ ಕೈಮುಗಿಯುತ್ತಿದ್ದಳು. ಬುಡುಬುಡಿಕೆಯವನು ಬೆಳಗಿನ ಜಾವ ಬಂದು ಹಾಲಕ್ಕಿ ನುಡಿಯಿತು ಎಂದರೆ ಮೊರದ ತುಂಬ ರಾಗಿ ಹಾಕದೆ ಕಳಿಸಿದವಳಲ್ಲ. ಎರಡೂ ಒಂದೇ ಹಕ್ಕಿ ಎಂದು ಮಗ ಹೇಳಿದರೆ ನಂಬುವುದಿಲ್ಲ. ಬುಡುಬುಡಿಕೆಯವನು ಹೇಳಿದರೆ ನಂಬಬಹುದು. ಮಾಗಡಿ ರಸ್ತೆಯಲ್ಲಿ ಒಬ್ಬ ನನ್ನ ಅಂಗಡಿಯ ಮುಂದೆ ಆಗಾಗ ಕೂರುತ್ತಿದ್ದ. ಅವನನ್ನು ಕರೆದು, ಇಂಥ ಮನೆಯ ಮುಂದೆ ಹೀಗೆ ಹೀಗೆ ಹೇಳಬೇಕು ಎಂದೆ.

ಆ ಜನಕ್ಕೆ ಹಳೆಯ ಬಟ್ಟೆಯೆಂದರೆ ಪ್ರಾಣ. ನಾನು ಟವಲಿನಿಂದ ಶುರು ಮಾಡಿದೆ. ಪಂಚೆಗೆ ಬಂದೆ. ಅಂಗಿಗೆ ಏರಿದೆ. ಅವನು ಬುಡುಬುಡಿಕೆಯನ್ನು ಮೆಲ್ಲಗೆ ಆಡಿಸುತ್ತ ನನ್ನ ಕೋಟಿನ ಗುಂಡಿಯನ್ನೇ ನೋಡುತ್ತಿದ್ದ. ಹರಾಜಿಗೆ ಹಾಕಿಕೊಂಡು ಹೋಗುತ್ತಿದ್ದ ಕೋಟು ಅದು.

"ಸ್ವಾಮಿ, ಹಾಲಕ್ಕಿ ಸುಮ್ ಸುಮ್ನೆ ನುಡಿಯಾಕಿಲ್ಲ," ಎಂದ.

ಕೋಟು ಬಿಚ್ಚಿಕೊಟ್ಟೆ. ಎದುರಿನವನಿಗೆ ಅವಸರವಿಲ್ಲ, ನಮಗಿದೆ ಎಂದಾದರೆ ಚೌಕಾಶಿಗೆ ಕೂರಲೇಬೇಡಿ. ನಾನು ಕೂತು ಕಂಡಿದ್ದೇನೆ.

ಶನಿವಾರ ಬೆಳಕು ಹರಿಯುವ ಮುಂಚೆ ಬಂದ. ಬಾಗಿಲಲ್ಲಿ ಡಬ ಡಬ ಶಬ್ದ. ಅವ್ವ ಸೆರಗು ಹೊದ್ದು ಜಗುಲಿಗೆ ಬಂದಳು. ನಾನು ನಿದ್ದೆಯಿಂದ ಎದ್ದವನ ಹಾಗೆ ಕಣ್ಣುಜ್ಜುತ್ತ ಹಿಂದೆ ನಿಂತೆ.

"ಜಯವಾಗ್ತೈತೆ ತಾಯೀ! ಹಾಲಕ್ಕಿ ನುಡೀತೈತೆ! ನಿನ್ ಹಿತ್ಲ ಹೊಂಗೆ ಮರದಾಗೆ ಕುಂತು ನುಡೀತೈತೆ! ಮರದ ಪೆಟ್ಗೆ ಒಳಗೆ ಮನೆ ಮಾಡೈತೆ! ಅದನ್ನ ಕದಲಿಸ್ಬ್ಯಾಡ ತಾಯೀ, ಮರಿ ಹಾರೋಗಂಟ ಕದಲಿಸ್ಬ್ಯಾಡ! ನಿನ್ ಕಿರೀ ಮಗ ಆನೆ ಕಟ್ತಾನೆ!"

ಚೆನ್ನಾಗಿಯೇ ಹೇಳಿದ. ಆನೆಯ ಮಾತು ನಾನು ಹೇಳಿಕೊಟ್ಟದ್ದಲ್ಲ, ಕೈಯಿಂದ ಹಾಕಿದ್ದ. ಅವ್ವ ಕೈಮುಗಿದು ನಿಂತಿದ್ದಳು. ನನ್ನ ಹೆಂಡತಿಗೆ ಹೇಳಿದಳು, "ರಾಗಿ ತತ್ತಾ. ಹಂಗೇ ಲಾಟೀನು ತತ್ತಾ."

ರಾಗಿ ಬಂತು, ಲಾಟೀನು ಬಂತು. ಅವ್ವ ಲಾಟೀನನ್ನು ಮೇಲೆತ್ತಿದಳು. ಬುಡುಬುಡಿಕೆಯವನ ಮೈಮೇಲೆ ನನ್ನ ಕೋಟು. ಅದರ ಬಲ ಮೊಣಕೈಗೆ ಹಸಿರು ತೇಪೆ. ಅವ್ವನೇ ತನ್ನ ಹಳೆಯ ಕುಪ್ಪಸ ಹರಿದು ಹಾಕಿದ ತೇಪೆ.

ಯಾವ ಬುದ್ಧಿವಂತನೂ ಲಂಚವಾಗಿ ತೆಗೆದುಕೊಂಡ ಬಟ್ಟೆಯನ್ನೇ ತೊಟ್ಟುಕೊಂಡು ಬರುವುದಿಲ್ಲ. ಆದರೆ ಅವನಿಗೆ ಅದು ಲಂಚವಲ್ಲ, ಹೊಸ ಕೋಟು. ಹೊಸದನ್ನು ಹಾಕಿಕೊಳ್ಳದೆ ಹೇಗಿರುತ್ತಾನೆ?

ಅವ್ವ ಅವನಿಗೆ ರಾಗಿ ಹಾಕಿದಳು. "ಚಳಿಗೆ ಬೆಚ್ಚಗೈತೇನಪ್ಪ?" ಎಂದು ಕೇಳಿದಳು.

"ಐತೆ ತಾಯಿ," ಎಂದ ಆ ಮಹಾತ್ಮ.

ಅವ್ವ ಲಾಟೀನನ್ನು ನನ್ನ ಕೈಗೆ ಕೊಟ್ಟಳು. ಒಳಗೆ ಹೋಗಿ ತನ್ನ ತಗಡಿನ ಟ್ರಂಕು ತೆಗೆದು ಸೀರೆ ಮಡಚಿಡತೊಡಗಿದಳು. ಹೆಂಡತಿ ನನ್ನನ್ನು ನೋಡಿ, "ನಿಮಗೆ ಬೇರೆ ಕೋಟು ಇರ್ಲಿಲ್ವಾ?" ಎಂದಳು. ಇತ್ತು. ಆದರೆ ಅವನು ಕೇಳಿದ್ದು ಅದನ್ನೇ.

ಭಾನುವಾರ ಮೇಷ್ಟ್ರು ಬಂದಾಗ ಅವ್ವ ಟ್ರಂಕಿನ ಮೇಲೆ, ಹೊಂಗೆ ಮರದ ಕೆಳಗೇ ಕೂತಿದ್ದಳು. ಪೆಟ್ಟಿಗೆ ಇಳಿಯುವುದನ್ನು ಕಣ್ಣಾರೆ ನೋಡಬೇಕು. ಇಳಿಯದಿದ್ದರೆ ಅಲ್ಲಿಂದಲೇ ಬಸ್ಸಿಗೆ. ನಾನು ಮೇಷ್ಟ್ರ ಕಿವಿಯಲ್ಲಿ, "ಸಾರ್, ಏನಾದರೂ ಒಂದು ಸುಳ್ಳು ಹೇಳಿ," ಎಂದೆ. ಅವರು ಅದಕ್ಕೆ ಒಗ್ಗಿದವರಲ್ಲ.

"ಕಡೀಗೊಮ್ಮೆ ನೋಡಿ ಇಳಸ್ತೀನ್ರಿ ಅವ್ವಾರ," ಎಂದು ದುಃಖದಿಂದ ಏಣಿ ಹತ್ತಿದರು. ಕನ್ನಡಿ ಇಳಿಬಿಟ್ಟರು. ಅದನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದರು.

"ಏನಾಯ್ತು ಮೇಷ್ಟ್ರೇ?" ಎಂದಳು ಅವ್ವ ಕೆಳಗಿನಿಂದ.

"ಮರಿ ಆಗ್ಯಾವ್ರಿ." ಅವರ ದನಿ ಸಣ್ಣಗಾಗಿತ್ತು. "ಮೂರು. ಒಂದು ತತ್ತಿ ಹಂಗ ಉಳದೈತಿ. ತಾಯಿ ಅವುಗಳ ಮ್ಯಾಲ ಕುಂತಾಳ, ನನ್ನ ನೋಡಿ ಕಣ್ಣು ಮುಚ್ಚ್ಯಾಳ. ಎದ್ದು ಹೋಗವಲ್ಲಳು."

"ಯಾವಾಗ ಹೆತ್ತಿರೋದು?"

"ಒಂದೆರಡು ದಿನ ಆಗಿರಬೇಕ್ರಿ. ಕಣ್ಣಿನ್ನೂ ತೆಗೆದಿಲ್ಲ."

"ಹೊಟ್ಟೆಗೆ?"

"ಗಂಡು ತಂದ್ಹಾಕ್ತೈತ್ರಿ. ಇಲಿ, ಹುಳ, ಹುಪ್ಪಡಿ. ಆಕಿ ಹೊರಗ ಬರಂಗಿಲ್ಲ. ಇಷ್ಟು ದಿನ ಆತು, ಅವನಽ ಹೊತ್ತು ಹೊತ್ತು ತರ್ತಾನ."

ಅವ್ವ ನನ್ನನ್ನು ಒಮ್ಮೆ ನೋಡಿದಳು. ಹೆಂಡತಿಯ ಬಾಣಂತನದಲ್ಲಿ ನಾನು ಹರಾಜಿಗೆಂದು ಭದ್ರಾವತಿಗೆ ಹೋದದ್ದು ಅವಳಿಗೆ ನೆನಪಾಯಿತೆಂದು ಕಾಣುತ್ತದೆ. ಆಮೇಲೆ ಮೇಲೆ ನೋಡಿ, "ಇಳೀರಿ ಮೇಷ್ಟ್ರೇ," ಎಂದಳು.

"ಪೆಟಗಿ ಬಿಚ್ಚಲೇನ್ರಿ?"

"ಥೂ! ಮೂರು ಹಸುಗೂಸಿನ ಬಾಣಂತೀನ ಯಾರಾದ್ರೂ ಮನೆ ಬಿಡುಸ್ತಾರಾ? ನಮ್ಮನೇಲಿ ಶತ್ರು ಮಗಳು ಹೆತ್ತರೂ ತಿಂಗಳು ತುಂಬೋಗಂಟ ಎಬ್ಬಿಸಿದ್ದಿಲ್ಲ. ಇಳೀರಿ ಅಂದೆ. ಬಾಣಂತಿ ಕೋಣೆಗೆ ಗಂಡಸರು ಇಣುಕ್ತಾರಾ? ಅದರಾಗೂ ಕನ್ನಡಿ ಬ್ಯಾರೆ ಹಿಡ್ಕಂಡು!"

ಟ್ರಂಕು ಒಳಗೆ ಹೋಯಿತು. ನಾವು ಗೆದ್ದೆವು ಎಂದು ನಾನು ಮೇಷ್ಟ್ರ ಬೆನ್ನು ತಟ್ಟಿದೆ. ಅವರು ಮಾತ್ರ ಕನ್ನಡಿ ಹಿಡಿದು ಕಲ್ಲಿನಂತೆ ನಿಂತಿದ್ದರು. ಪೆಟ್ಟಿಗೆ ಉಳಿಯಿತು, ನೋಡುವುದೇ ನಿಂತಿತು! ಮರಿಗಳು ವಾರವಾರ ಹೇಗೆ ಬೆಳೆದವು ಎಂದು ಬರೆಯದಿದ್ದರೆ ರಿಜಿಸ್ಟರಿನ ಅರ್ಧ ಖಾಲಿ. ನಾನು ಅವ್ವನ ಬಳಿ ಹೋಗಿ ಎಷ್ಟು ಬಗೆಯಲ್ಲಿ ಕೇಳಿದರೂ ಒಂದೇ ಮಾತು: ಗಂಡಸು ಏಣಿ ಹತ್ತಕೂಡದು.

"ಹೆಂಗಸರು?" ಎಂದೆ.

ಅವ್ವ ಯೋಚಿಸಿದಳು. "ಹೆಂಗಸರು ನೋಡಬೌದು."

ಹೀಗೆ ನನ್ನ ಹೆಂಡತಿ, ಓದು ಮೂರನೇ ತರಗತಿ, ಸೀರೆಗೆ ಕಚ್ಚೆ ಹಾಕಿ ವಾರವಾರ ಏಣಿ ಹತ್ತಿದಳು. ಏಣಿಯ ಕಾಲು ಅವ್ವ ಹಿಡಿಯುತ್ತಿದ್ದಳು. ಮೇಷ್ಟ್ರು ನಿಯಮದ ಪ್ರಕಾರ ಮರಕ್ಕೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ರಿಜಿಸ್ಟರು ಹಿಡಿದು ಕೂರುತ್ತಿದ್ದರು.

"ಎಷ್ಟ ದೊಡ್ಡವು ಆಗ್ಯಾವ್ರಿ ತಂಗೀ?"

"ನಿಂಬೆಹಣ್ಣಿನಷ್ಟು!"

"ಯಾವ ನಿಂಬಿಹಣ್ಣು? ಸಣ್ಣದೋ ದೊಡ್ಡದೋ?"

"ಉಪ್ಪಿನಕಾಯಿಗೆ ಹಾಕೋದು!"

ಮೇಷ್ಟ್ರು ಅಡಿಗೆಮನೆಯಿಂದ ಅಂಥದ್ದೊಂದು ತರಿಸಿ ಅಳತೆಪಟ್ಟಿ ಹಿಡಿದು ಅಳೆದು ಬರೆದುಕೊಂಡರು. ಮರುವಾರ "ರಾಗಿಮುದ್ದೆಯಷ್ಟು" ಎಂದಳು. ಮುದ್ದೆಯೂ ಬಂತು, ಅಳತೆಯಾಯಿತು. "ಯಾರ ತಟ್ಟೆ ಮುದ್ದೆ?" ಎಂದು ಅವ್ವ ತಕರಾರು ತೆಗೆದಳು, ನನ್ನ ಮುದ್ದೆ ದೊಡ್ಡದು, ಹೆಂಡತಿಯದು ಸಣ್ಣದು. ಎರಡನ್ನೂ ಅಳೆದು ಮೇಷ್ಟ್ರು ನಡುವಿನದನ್ನು ಹಿಡಿದರು. ಬಣ್ಣ ಕೇಳಿದರೆ "ಒಲೆಬೂದಿ," ಕಣ್ಣು ಕೇಳಿದರೆ "ಅರಿಶಿನದ ಕೊಂಬು ಮುರಿದಂಗೆ." ಅವರು ಎಲ್ಲವನ್ನೂ ಹಾಗೇ ಬರೆದರು. ಆಮೇಲೆ ನನಗೆ ಹೇಳಿದರು, ಕಾಲೇಜಿನ ಹುಡುಗರು ಒಬ್ಬರೂ ಇಷ್ಟು ಚೆನ್ನಾಗಿ ನೋಡಿ ಹೇಳಿಲ್ಲವೆಂದು. ನಾನು ಹೆಂಡತಿಗೆ ಹೇಳಿದೆ. "ನೀವು ಹನ್ನೆರಡು ವರ್ಷದಲ್ಲಿ ಒಂದು ದಿನ ಕೇಳಿದ್ರಾ, ನಂಗೆ ಏನು ಕಾಣುತ್ತೆ ಅಂತ?" ಎಂದಳು. ಗಂಡಂದಿರಿಗೆ ನನ್ನ ಸಲಹೆ: ಇಂಥ ಹೊತ್ತಿನಲ್ಲಿ ಅಂಗಡಿಗೆ ಹೋಗಿಬಿಡಿ.

ಅವ್ವನ ಆಡಳಿತ ದಿನದಿನಕ್ಕೂ ಬಿಗಿಯಾಯಿತು. ಹಿತ್ತಲ ಕಡೆಯ ಒಲೆಯಲ್ಲಿ ಮೆಣಸಿನಕಾಯಿ ಹುರಿಯಬಾರದು, ಕೂಸಿಗೆ ಘಾಟು. ನಾನು ಮನೆಯಲ್ಲಿ ಮೊಳೆ ಹೊಡೆಯಬಾರದು. ಒಂದು ಸಂಜೆ ಅಂಗಡಿಯಿಂದ ಬಂದರೆ ಮರದ ಬುಡದಲ್ಲಿ ಕೆಂಡದ ಬೋಗುಣಿ ಇಟ್ಟು ಸಾಂಬ್ರಾಣಿ ಹಾಕುತ್ತಿದ್ದಾಳೆ. ಬಾಣಂತಿಗೆ ಹೊಗೆ ಬೇಡವೇ? ಮರುದಿನವೇ ಕಾಲೇಜಿಗೆ ಓಡಿ ಮೇಷ್ಟ್ರಿಗೆ ಹೇಳಿದೆ. ಅವರು ಸೈಕಲ್ಲೇರಿ ಬಂದು, ಹಕ್ಕಿಗೆ ಹೊಗೆ ವಿಷವೆಂದು ಕೈಮುಗಿದು ಬೇಡಿಕೊಂಡರು. "ಹಂಗಾದ್ರೆ ನಿಮ್ ಪುಸ್ತಕದಾಗೆ ಬಾಣಂತಿಗೆ ಏನ್ ಬರ್ದವ್ರೆ?" ಎಂದು ಕೇಳಿದಳು. ಏನೂ ಬರೆದಿರಲಿಲ್ಲ. ಅವಳಿಗೆ ಆ ಪುಸ್ತಕದ ಮೇಲೆ ಕನಿಕರ ಬಂತು.

ಆ ವರ್ಷ ಯುಗಾದಿ ತಡವಾಗಿ ಬಂದಿತ್ತು. ಹಬ್ಬದ ಹಿಂದಿನ ಸಂಜೆ ಒಂದು ಮರಿ ಹಾರಿ ಪಕ್ಕದ ಬೇವಿನ ಮರಕ್ಕೆ ಹೋಯಿತು. ಹಬ್ಬದ ಸಂಜೆ ಇನ್ನೊಂದು. ಮೂರನೆಯದು, ಎಲ್ಲಕ್ಕಿಂತ ಸಣ್ಣದು, ತೂತಿನಲ್ಲಿ ಮುಖವಿಟ್ಟುಕೊಂಡು ಲೋಕ ನೋಡುತ್ತ ಉಳಿಯಿತು. ಮರುದಿನ ಹೊಸತೊಡಕು. ನಮ್ಮಲ್ಲಿ ಯುಗಾದಿಯ ಒಬ್ಬಟ್ಟಿಗಿಂತ ಮರುದಿನದ ಬಾಡೂಟಕ್ಕೇ ನೆಂಟರು ಹೆಚ್ಚು. ಊರಿಂದ ಅಣ್ಣ ಸಂಸಾರಸಮೇತ ಬಂದ. ಮೇಷ್ಟ್ರು ಮಾಂಸದ ವಾಸನೆಗೆ ಮೂಗಿಗೆ ಕರವಸ್ತ್ರ ಹಿಡಿದು, ಆದರೂ ಬಿಡದೆ, ಹಿತ್ತಲ ಮೂಲೆಯಲ್ಲಿ ರಿಜಿಸ್ಟರು ಹಿಡಿದು ಕೂತಿದ್ದರು. ಅವರಿಗೆ ಅವ್ವ ಉಳಿದ ಒಬ್ಬಟ್ಟು ಬೇರೆ ತಟ್ಟೆಯಲ್ಲಿ ಕೊಟ್ಟಿದ್ದಳು.

ಸಂಜೆಯ ಪಂಕ್ತಿ ಹಿತ್ತಲಿನಲ್ಲೇ ಕೂತಿತ್ತು. ಅಣ್ಣನ ಎಲೆಗೆ ಎರಡನೆಯ ಮುದ್ದೆ ಬಿದ್ದಿತ್ತು. ಆಗ ಮೂರನೆಯ ಮರಿ ತೂತಿನಿಂದ ಹೊರಬಂದು, ಒಮ್ಮೆ ಜೋಲಿ ಹೊಡೆದು, ಬೇವಿನ ಮರ ಬಿಟ್ಟು ಉಲ್ಟಾ ದಿಕ್ಕಿಗೆ ತಿರುಗಿ, ಪಟಪಟನೆ ರೆಕ್ಕೆ ಬಡಿದು ನಮ್ಮ ಮನೆಯ ಹೆಂಚಿನ ಮೇಲೆ ಹೋಗಿ ಕೂತಿತು. ಸರಿಯಾಗಿ ನಡುಮನೆಯ ನೆತ್ತಿಯ ಮೇಲೆ. ಕೂತದ್ದಲ್ಲದೆ ಪಂಕ್ತಿಯ ಕಡೆ ತಿರುಗಿ ಎಲ್ಲರಿಗೂ ತಲೆ ಆಡಿಸಿತು.

ಸಾರು ಸುರಿಯುತ್ತಿದ್ದವರ ಕೈ ನಿಂತಿತು. ಅಣ್ಣ ಎಂಜಲು ಕೈಯಲ್ಲೇ ಎದ್ದ.

"ಅವ್ವಾ! ಮನೆ ಮ್ಯಾಲೆ ಗೂಬೆ ಕುಂತೈತೆ! ಏಳು, ಇವತ್ತೇ ಊರಿಗೆ ಹೋಗಾನ. ಆರ್ ತಿಂಗ್ಳು ಈ ಮನೆಗೆ ಕಾಲಿಕ್ಕಂಗಿಲ್ಲ. ನಾನು ಆವತ್ತೇ ಹೇಳ್ಲಿಲ್ವಾ?" ಎನ್ನುತ್ತ ಬಟ್ಟೆ ಒಣಗಿಸುವ ಗಳವನ್ನು ಕಿತ್ತು ಕೈಗೆ ತೆಗೆದುಕೊಂಡ. ಕಲ್ಲು ಹೊಡೆಯಬಾರದು ತಾನೇ, ಗಳಕ್ಕೆ ಯಾವ ನಿಷೇಧವೂ ಇರಲಿಲ್ಲ.

"ಹೊಡೀಬ್ಯಾಡ್ರೀ! ಹೊಡೀಬ್ಯಾಡ್ರೀ!" ಎಂದು ಮೇಷ್ಟ್ರು ರಿಜಿಸ್ಟರನ್ನು ಎದೆಗವಚಿಕೊಂಡು ಓಡಿಬಂದರು. ಎರಡು ಕಾಗೆ ಆಗಲೇ ಹೆಂಚಿನ ಮೇಲೆ ಇಳಿದಿದ್ದವು.

ಅವ್ವ ಕೂತಲ್ಲಿಂದ ಏಳಲಿಲ್ಲ. ಮೂಳೆಯೊಂದನ್ನು ಎಲೆಯ ಅಂಚಿಗಿಟ್ಟು, "ಗಳ ಕೆಳಗಿಡ್ಲಾ," ಎಂದಳು.

"ಅವ್ವಾ, ಗೂಬೆ ಕಣವ್ವಾ!"

"ಗೂಬೆ ಅಲ್ಲ, ಕೂಸು. ಹುಟ್ಟಿ ಒಂದು ತಿಂಗಳಾಗೈತೆ. ಹೆಸರಿಡದ ಕೂಸಿಗೆ ಯಾವನ್ಲಾ ಶಾಸ್ತ್ರ ಬರ್ದಿರೋನು? ನೀನು ಕೂಸಾಗಿದ್ದಾಗ ದೇವರ ಗೂಡಿನ ಮುಂದೆ ಮಲಗಿಸಿದ್ರೆ ದೀಪದ ಮ್ಯಾಲೇ ಉಚ್ಚೆ ಉಯ್ದು ಆರಿಸ್ದೆ. ದ್ಯಾವರೇನು ಆರ್ ತಿಂಗ್ಳು ಮನೆ ಬಿಟ್ಟೋದ್ನಾ?"

ಅಣ್ಣನ ಮಕ್ಕಳು ಅಪ್ಪನ ಮುಖ ನೋಡಿದವು. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡಳು. ಗಳ ಕೆಳಗೆ ಬಂತು. ಅವ್ವ ಈಗ ಎದ್ದು ಅದೇ ಗಳ ತೆಗೆದುಕೊಂಡು ಕಾಗೆಗಳ ಕಡೆ ಬೀಸಿದಳು, ಅವು ಹೋದವು. "ನೀವೆಲ್ಲ ಇಲ್ಲಿ ಕುಂತಿದ್ರೆ ಅದರವ್ವ ಹತ್ರ ಬರಾಕಿಲ್ಲ. ಒಳಗ್ ನಡೀರಿ," ಎಂದಳು. ಹದಿನಾಲ್ಕು ಜನ ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಸಾರು ಚೆಲ್ಲದ ಹಾಗೆ, ಒಬ್ಬರ ಹಿಂದೊಬ್ಬರು ಒಳಗೆ ಹೋದೆವು.

ಅಡಿಗೆಮನೆಯ ಕಿಟಕಿಯಿಂದ ಬೇವಿನ ಮರ ಕಾಣುತ್ತಿತ್ತು. ಹೆಂಗಸರೆಲ್ಲ ಅಲ್ಲಿ. ಅವ್ವ ಸ್ವಲ್ಪ ಸರಿದು ಮೇಷ್ಟ್ರಿಗೂ ಜಾಗ ಕೊಟ್ಟಳು. ಕೋಣೆಯಿಂದ ಹೊರಬಂದ ಕೂಸನ್ನು ಗಂಡಸು ನೋಡಬಹುದಂತೆ. ತಾಯಿಹಕ್ಕಿ ಬೇವಿನ ಕೊಂಬೆಯಲ್ಲಿ ಕೂತು ಕಿರ್ ಎಂದು ಕರೆಯಿತು. ಮೇಲೆ ಹೆಂಚಿನ ಮೇಲೆ ಉಗುರು ಜಾರುವ ಸದ್ದು. ಆಮೇಲೆ ಬೂದು ಬಣ್ಣದ ಉಂಡೆಯೊಂದು ಸೂರಿನಿಂದ ಬಿದ್ದ ಹಾಗೆ ಇಳಿದು, ನೆಲ ಮುಟ್ಟುವ ಮುಂಚೆ ಮೇಲೆದ್ದು, ಬೇವಿನ ಎಲೆಗಳೊಳಗೆ ಹೋಗಿ ಸೇರಿಕೊಂಡಿತು.

ಮೇಷ್ಟ್ರ ಕಣ್ಣು ತುಂಬಿತ್ತು. ಪೆನ್ನು ತೆಗೆದು, "ಎಷ್ಟ ಗಂಟೆ ಆತ್ರಿ?" ಎಂದರು. ನನ್ನ ಗಡಿಯಾರ ನಿಂತಿತ್ತು.

"ದೀಪ ಹಚ್ಚೋ ಹೊತ್ತು ಅಂತ ಬರ್ಕಳಿ," ಎಂದಳು ಅವ್ವ.

ಹಾಗೇ ಬರೆದರು. ಮೂರು ಮರಿ, ಮೂರೂ ಹಾರಿದವು. ರಿಜಿಸ್ಟರು ಮುಚ್ಚುವಾಗ ಅವ್ವ ಕೇಳಿದಳು, "ಒಡೀದೇ ಹೋಯ್ತಲ್ಲ, ನಾಕ್ನೇದು. ಅದನ್ನ ಬರ್ದಿದ್ದೀರಾ?"

"ಬರದೀನ್ರಿ ಅವ್ವಾ."

"ಬರೀಬೇಕು. ಅದನ್ನೂ ಅಷ್ಟೇ ದಿನ ಕಾವು ಕುಂತಿದ್ಲು."

ನಾನು ಮತ್ತು ಅಣ್ಣ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಮ್ಮಿಬ್ಬರ ನಡುವೆ ಅವ್ವನಿಗೆ ಇನ್ನೊಂದು ಕೂಸಾಗಿ ಉಳಿಯಲಿಲ್ಲ ಎಂದು ಮನೆಯಲ್ಲಿ ಯಾವಾಗಲೋ ಒಮ್ಮೆ ಕೇಳಿದ್ದೆವು, ಅಷ್ಟೇ.

ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಎಲೆಯ ಮುಂದೆ ಕೂತೇ, ದನಿ ತಗ್ಗಿಸಿ, "ಅವ್ವಾ, ಇನ್ನು ಹೊರಕ್ಕೋಗಿ ಕೈ ತೊಳಕೊಂಬೌದಾ?" ಎಂದು ಕೇಳಿದ.

ಅವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಇನ್ನೊಂದು ಗಳಿಗೆ ಕುಂತ್ಕೋ," ಎಂದಳು.